ರಸ್ತೆ ಬದಿಯ ಸಾಲಿಗೇಕೆ ಕೊಳೆ ಕಮ್ಮಿ?

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದೆ. ಬರೆಯಲು ಆಕೆಯ ಒಪ್ಪಿಗೆಯಿದೆ.)

ಆಕೆಯನ್ನು ಸುಮಾ ಎನ್ನೋಣ. ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯ ಮಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಯಸ್ಸು ಮೂವತ್ತರ ಆಸುಪಾಸು. "ಮೇಡಂ, ಸಂಬಳಕ್ಕೇನೂ ತೊಂದರೆ ಇಲ್ಲ. ಆದ್ರೆ ನಾನು ಮಾಡೋ ಕೆಲಸ ಯಾರಿಗೂ ಬೇಕಾಗಿಲ್ಲ ಅನ್ಸುತ್ತೆ. ಏನಾದ್ರೂ ದೊಡ್ಡ ಸಮಸ್ಯೆ ಹಿಡಿದು ದುಡೀಬೇಕು. ಯಾವುದು ಅಂತಾನೇ ಗೊತ್ತಾಗ್ತಿಲ್ಲ."

ನಾನು ಆಪ್ತಸಮಾಲೋಚಕಿ. ಇಂಥ ಮಾತು ಕೇಳಿದೊಡನೆ ಖಿನ್ನತೆ ಇದೆಯೇ ಎಂದು ನೋಡಲೇಬೇಕು. ನಿದ್ದೆ, ಹಸಿವು, ಬದುಕೇ ಬೇಡ ಅನ್ನಿಸಿದ್ದುಂಟೇ, ಎಲ್ಲ ಕೇಳಿದೆ. ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಅವಳ ಫೋನಿನಲ್ಲೊಂದು ಪಟ್ಟಿಯಿತ್ತು: ಹವಾಮಾನ ಬದಲಾವಣೆ, ಕ್ಯಾನ್ಸರ್, ಎಐ, ಬೆಂಗಳೂರಿನ ಟ್ರಾಫಿಕ್. ಎಲ್ಲವೂ ನಿಜವಾದ ಸಮಸ್ಯೆಗಳೇ. ಆದರೆ ಆಕೆ ಓದಿದ್ದು ದಿನಸಿ ಚೀಟಿ ಓದಿದ ಹಾಗಿತ್ತು. ಜೊತೆಯವರೆಲ್ಲ ಸೇರಿದ್ದಾರೆಂದು ಒಂದು ಎಐ ಕೋರ್ಸಿಗೆ ದುಡ್ಡನ್ನೂ ಕಟ್ಟಿದ್ದಳು.

"ಯಾರೂ ಹೇಳದೆ, ಯಾರಿಗೂ ತೋರಿಸಬೇಕೆಂದಿಲ್ಲದೆ, ಈಚೆಗೆ ಯಾವುದರ ಹಿಂದೆ ಬಿದ್ದಿದ್ರಿ?" ಎಂದು ಕೇಳಿದೆ.

ನಾಚಿಕೊಂಡೇ ಹೇಳಿದಳು. ಅವರ ತೋಟದಲ್ಲಿ ರಸ್ತೆ ಬದಿಯ ಸಾಲಿಗೆ ಕೊಳೆರೋಗ (ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ರೋಗ) ಕಮ್ಮಿ. ಒಳಗಿನ ಸಾಲುಗಳಲ್ಲಿ ಆಷಾಢ ಮುಗಿಯುವಷ್ಟರಲ್ಲಿ ಬುಡದ ತುಂಬ ಎಳೆ ಅಡಿಕೆ ಉದುರಿ ಬಿದ್ದಿರುತ್ತದೆ. ಅದಕ್ಕೆ ಔಷಧಿಯಾದ ಬೋರ್ಡೋ ದ್ರಾವಣ ಹೊಡೆಯುವುದು ಎಲ್ಲ ಸಾಲಿಗೂ. ಹಾಗಾದರೆ ಏಕೆ ಹೀಗೆ? ಅಪ್ಪಯ್ಯ, "ಔಷಧಿ ಹೊಡೆಯೋಕೆ ಜನ ಸಿಕ್ಕೋದೇ ಕಷ್ಟ, ಅದರಲ್ಲಿ ನಿಂದೊಂದು" ಎಂದರಂತೆ. ಚಿಕ್ಕಪ್ಪ ನಕ್ಕರಂತೆ. ಆಕೆ ಮಾತ್ರ ಮಳೆಗಾಲದಲ್ಲಿ ಊರಿಗೆ ಹೋದಾಗೆಲ್ಲ, ಉಂಬಳ ಕಚ್ಚಿಸಿಕೊಂಡು ಮರಮರದ ಬುಡದಲ್ಲಿ ಕೂತು ಉದುರಿದ್ದನ್ನು ಎಣಿಸಿ ಅದೇ ಫೋನಿನಲ್ಲಿ ಬರೆದಿಟ್ಟಿದ್ದಳು. ಪಟ್ಟಿಯಲ್ಲಿ ಮಾತ್ರ ಇದಕ್ಕೆ ಜಾಗವಿರಲಿಲ್ಲ. "ಇದೂ ಒಂದು ಸಮಸ್ಯೆನಾ ಮೇಡಂ?"

ನನ್ನ ತವರೂ ಅಡಿಕೆ ಸೀಮೆಯೇ. ಬೋರ್ಡೋ ಹುಟ್ಟಿದ ಕಥೆ ಹೇಳಿದೆ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರು. ವಿಷ ಎಂದುಕೊಂಡು ಯಾರೂ ಮುಟ್ಟುತ್ತಿರಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಕಣ್ಣಿಗೆ ಬಿದ್ದದ್ದು, ಬೂಜುರೋಗಕ್ಕೆ ಉಳಿದ ಬಳ್ಳಿಗಳ ಎಲೆ ಉದುರಿದ್ದರೂ ಈ ಅಂಚಿನವು ಮಾತ್ರ ಹಸಿರಾಗಿರುವುದು. ವಿಚಾರಿಸಿದರು, ಪರೀಕ್ಷೆ ಮಾಡಿದರು, 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ಅದರ ಬಗ್ಗೆ ವರದಿ ಬರೆದರು. ಅಡಿಕೆ ಗೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆ ತಡೆಯುತ್ತಿದ್ದ ನಮ್ಮ ಕಡೆಯವರು ಬೋರ್ಡೋ ಹಿಡಿದದ್ದು ಆಮೇಲೆ.

ಸುಮಾ ಕೂಡಲೇ, "ಹಾಗಾದ್ರೆ ಕೆಲಸ ಬಿಡ್ಲಾ?" ಎಂದಳು. ಬೇಡವೇ ಬೇಡ ಎಂದೆ. ರಾಜೀನಾಮೆ ಕೊಟ್ಟ ಮೇಲೆ ಪ್ರಶ್ನೆ ಹಿಂದಾಗುತ್ತದೆ, ಬಾಡಿಗೆ ಕಟ್ಟುವ ಚಿಂತೆ ಮುಂದಾಗುತ್ತದೆ. 'ಕನಸಿನ ಬೆನ್ನು ಹತ್ತಿ' ಎನ್ನುವ ಭಾಷಣಕಾರರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಎಲ್ಲರೂ ಬಲಕ್ಕೆ ಹೋದರೆಂದು ಎಡಕ್ಕೆ ಹೋಗುವವರು ಸ್ವತಂತ್ರರೇನಲ್ಲ, ಅವರಿಗೂ ದಾರಿ ತೋರಿಸುತ್ತಿರುವುದು ಆ 'ಎಲ್ಲರೂ'ನೇ. ಸುಮಾ ಮಂದಿಯನ್ನು ಎದುರು ಹಾಕಿಕೊಳ್ಳಬೇಕಿರಲಿಲ್ಲ. ನಕ್ಕರೂ ಎಣಿಸುವುದನ್ನು ನಿಲ್ಲಿಸದಿದ್ದರೆ ಸಾಕಿತ್ತು. ಎಐ ಕೋರ್ಸನ್ನು ಬಿಡಲು ಹೇಳಿದೆ. ಕಟ್ಟಿದ ದುಡ್ಡು ಹೋಯಿತು ಎಂದು ಆಕೆಗೆ ಸಂಕಟವಾಯಿತು, ಆದರೆ ಶನಿವಾರ ಭಾನುವಾರ ಉಳಿಯಿತು. ಮನೆಯಲ್ಲಿ ಮದುವೆಯ ಒತ್ತಾಯವೂ ಇತ್ತು. ಅದರ ಬಗ್ಗೆ ಅಮ್ಮನ ಹತ್ತಿರ ಬೇರೆಯಾಗಿಯೇ ಮಾತಾಡಿ, ಅದನ್ನೂ ಈ ಎಣಿಕೆಯನ್ನೂ ಸೇರಿಸಿ ಒಂದೇ ಜಗಳ ಮಾಡಿಕೊಳ್ಳಬೇಡಿ ಎಂದೆ.

ಇನ್ನೊಂದು ಕೇಳಿದೆ: "ಮರ ಹತ್ತಿ ಔಷಧಿ ಹೊಡೆಯುವವರನ್ನು ವಿಚಾರಿಸಿದ್ದೀರಾ?" ಅಪ್ಪಯ್ಯ, ಚಿಕ್ಕಪ್ಪ, ಯೂಟ್ಯೂಬ್ ಎಲ್ಲ ಆಗಿತ್ತು. ಅವರನ್ನು ಮಾತ್ರ ಕೇಳಿರಲಿಲ್ಲ.

ಮುಂದಿನ ಸಲ ಬಂದಾಗ ಕೂರುವ ಮೊದಲೇ ಶುರುಮಾಡಿದಳು. "ರಸ್ತೆ ಕಡೆಯಿಂದ್ಲೇ ಹೊಡೀತಾ ಹೋಗ್ತೀವಿ ತಂಗಿ, ಬೆಳಿಗ್ಗೆ ಕಲಸಿದ್ದು. ಉಳಿದ್ರೆ ಮಾರನೇ ದಿನ ಒಳಗಿನ ಮರಕ್ಕೆ" ಎಂದರಂತೆ ಔಷಧಿ ಹೊಡೆಯುವವರು. ಬೋರ್ಡೋ ಕಲಸಿದ ದಿನವೇ ಖರ್ಚಾಗಬೇಕು, ಇಟ್ಟರೆ ಸತ್ವ ಕಳೆದುಕೊಳ್ಳುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕತ್ತಿಯ ಅಲಗು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಈ ಕತ್ತಿ ಪರೀಕ್ಷೆಯನ್ನೂ ಸುಮಾಳ ಮನೆಯಲ್ಲಿ ಬಿಟ್ಟು ಎಷ್ಟೋ ಕಾಲವಾಗಿತ್ತಂತೆ.

ಉತ್ತರ ಸಿಕ್ಕೇಬಿಟ್ಟಿತು ಎಂದು ಕುಣಿಯುತ್ತಿದ್ದಳು. ರಸ್ತೆ ಬದಿಗೆ ಗಾಳಿ ಬಿಸಿಲೂ ಹೆಚ್ಚಲ್ಲವೇ, ಎರಡರಲ್ಲಿ ಯಾವುದು ಕಾರಣ, ಹೇಗೆ ತಿಳಿಯುತ್ತೀರಿ ಎಂದು ಕೇಳಿ ಕಳಿಸಿದೆ. ಉಪಾಯ ಆಕೆಯದೇ: ಆ ವರ್ಷ ಒಳಗಿನಿಂದ ಶುರುಮಾಡುವುದು, ದಿನಾ ಹೊಸದಾಗಿ ಕಲಸುವುದು. ಅಪ್ಪಯ್ಯ ಗೊಣಗುತ್ತಲೇ ಒಪ್ಪಿದರು.

ಒಳಗಿನ ಸಾಲುಗಳಲ್ಲಿ ಉದುರುವುದು ಕಮ್ಮಿಯಾಯಿತು. ಆದರೂ ರಸ್ತೆ ಬದಿಯದೇ ಮೇಲು. ಒಂದು ತೋಟದ ಒಂದು ಮಳೆಗಾಲ ನೋಡಿ ತೀರ್ಮಾನ ಹೇಳಲಾಗದು ಎಂದು ಈಗ ಆಕೆಯೇ ನನಗೆ ವಿವರಿಸುತ್ತಾಳೆ. ಅಕ್ಕಪಕ್ಕದ ತೋಟಗಳಲ್ಲೂ ಎಣಿಸಬೇಕಂತೆ. ಮೊದಲು ಚಿಕ್ಕಪ್ಪನನ್ನೇ ಕೇಳಿ ನೋಡಿ ಎಂದಿದ್ದೇನೆ.