ರಾತ್ರಿ ಕೂತು ಬರೆದ ಆ್ಯಪ್ ಯಾರದ್ದು?

ಪ್ರಶ್ನೆ: ಮೇಡಂ, ನಮ್ಮದು ಅಡಿಕೆ ತೋಟ. ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಅಪ್ಪನಿಗೆ ಅಂತ ರಾತ್ರಿ ಹೊತ್ತು ಒಂದು ಆ್ಯಪ್ ಮಾಡಿದೆ. ಯಾವ ಮಂಡಿಗೆ ಎಷ್ಟು ರಾಶಿ (ಬೇಯಿಸಿದ ಕೆಂಪಡಿಕೆ), ಎಷ್ಟು ಚಾಲಿ (ಒಣಗಿಸಿದ ಬಿಳಿ ಅಡಿಕೆ) ಹೋಯಿತು, ದುಡ್ಡು ಎಷ್ಟು ಬಾಕಿ, ಎಲ್ಲ ಅದರಲ್ಲಿದೆ. ಈಗ ಊರಿನವರು ದುಡ್ಡು ಕೊಟ್ಟು ತಗೊಳ್ಳಲು ತಯಾರಿದ್ದಾರೆ. ಮ್ಯಾನೇಜರ್ ಮಾತ್ರ ‘ನೀನು ಬರೆದದ್ದೆಲ್ಲ ಕಂಪನಿಯದು’ ಅನ್ನುತ್ತಾರೆ. ಹೌದಾ? ಲ್ಯಾಪ್‌ಟಾಪ್ ನನ್ನದೇ, ಒಂದೆರಡು ಸಲ ಮಾತ್ರ ಆಫೀಸಿನದ್ದು ಬಳಸಿದ್ದೆ.
– ಓದುಗ, ಸಾಗರ

ಉತ್ತರ: ಆ ‘ಒಂದೆರಡು ಸಲ’ ನಿಮ್ಮನ್ನು ಕೊರೆಯುತ್ತಿದೆ ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಕಣ್ಣಿಗೆ ಪ್ರೋಗ್ರಾಂ ಕೂಡ ಕತೆ, ಕವನದ ಹಾಗೆ ‘ಸಾಹಿತ್ಯ ಕೃತಿ’. ಬರೆದವರೇ ಮೊದಲ ಒಡೆಯರು. ಆದರೆ ಸಂಬಳದ ಕೆಲಸದ ಭಾಗವಾಗಿ ಬರೆದದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಒಡೆತನ ಕಂಪನಿಯದು. ಇದು 17(ಸಿ) ಸೆಕ್ಷನ್. ಬ್ಯಾಂಕಿನ ಕೋಡ್ ಅವರದ್ದು, ಆ ಬಗ್ಗೆ ತಕರಾರಿಲ್ಲ. ಅಡಿಕೆ ಲೆಕ್ಕ ಬರೆಯಲು ನಿಮ್ಮನ್ನು ಇಟ್ಟುಕೊಂಡಿರಲಿಲ್ಲವಲ್ಲ! ಈ ಸೆಕ್ಷನ್ ಒಂದನ್ನೇ ನಂಬಿದ್ದರೆ ನಿಮ್ಮ ಮ್ಯಾನೇಜರ್ ಮಾತು ನಿಲ್ಲುವುದಿಲ್ಲ.

ಅವರು ನಂಬಿರುವುದು ಬಹುಶಃ ನಿಮ್ಮ ಆಫರ್ ಲೆಟರನ್ನು. ನನ್ನ ಮಗಳು ಸಹಿ ಹಾಕಿ ಕಳಿಸಿದ ಮೇಲೆ ಅವಳದ್ದನ್ನು ಓದಿದೆ. ವಕೀಲೆಯ ಮನೆಯಲ್ಲೇ ಈ ಕತೆ. ‘ಕೆಲಸದಲ್ಲಿರುವಷ್ಟು ಕಾಲ ಬರೆದದ್ದೆಲ್ಲ ಕಂಪನಿಗೆ’ ಅಂತ ಒಂದು ಸಾಲು ಒಳಗೆಲ್ಲೋ ಕೂತಿತ್ತು. ನಿಮ್ಮದರಲ್ಲೂ ಅಂಥದ್ದಿದ್ದರೆ ಸುಮ್ನೆ ತಳ್ಳಿಹಾಕಬೇಡಿ. ಮುಂದೆ ಬರೆಯುವುದರ ಹಕ್ಕನ್ನೂ ಮೊದಲೇ ಬರೆದುಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಹಾಗೆ ಕೊಡುವುದು ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು, ಯಾವ ಕೃತಿ ಅನ್ನುವುದು ಗೊತ್ತಾಗಬೇಕು. ‘ಎಲ್ಲ’ ಅನ್ನುವ ಪದ ಅಡಿಕೆಯವರೆಗೂ ಚಾಚುತ್ತದಾ ಅಂತ ವಾದ ಮಾಡಲು ಜಾಗ ಇದೆ. ಮ್ಯಾನೇಜರ್ ಬಾಯಿಮಾತಿಗೆ ಮಾತ್ರ ಬೆಲೆ ಇಲ್ಲ.

ಇನ್ನು ಲ್ಯಾಪ್‌ಟಾಪ್. ಆಫೀಸಿನ ಯಂತ್ರ ಮುಟ್ಟಿದ ಮಾತ್ರಕ್ಕೆ ಹಕ್ಕು ಕೈಬಿಟ್ಟು ಹೋಗುವುದಿಲ್ಲ. ಆದರೆ ‘ಇದೂ ಕೆಲಸದ ಭಾಗವೇ’ ಅನ್ನಲು ಅವರಿಗೊಂದು ಸಾಕ್ಷಿ ಸಿಗುತ್ತದೆ. ಬ್ಯಾಂಕಿನ ಕೋಡಿನಿಂದ ನಾಲ್ಕು ಸಾಲು ಎತ್ತಿ ಹಾಕಿದ್ದರೆ ಅದು ಇನ್ನೂ ದೊಡ್ಡ ತಲೆನೋವು. ಇದ್ದರೆ ಇವತ್ತೇ ತೆಗೆದು ಹೊಸದಾಗಿ ಬರೆಯಿರಿ. ಯಾವ ದಿನ ಏನು ಬರೆದಿರಿ ಅನ್ನುವ ದಾಖಲೆ ಜೋಪಾನ ಮಾಡಿ.

ಇನ್ನೊಂದು ವಿಷಯ. ಆ್ಯಪ್ ನಿಮ್ಮದೇ ಆದರೂ, ಕೆಲಸದಲ್ಲಿದ್ದುಕೊಂಡು ಹೊರಗೆ ವ್ಯಾಪಾರ ಮಾಡಬಾರದು ಅನ್ನುವ ಷರತ್ತು ಇರಬಹುದು. ಹಾಗಿದ್ದರೆ ಹಕ್ಕು ಉಳಿದು ನೌಕರಿ ಹೋದೀತು. ಮಾರುವ ಮೊದಲು ಎಚ್‌ಆರ್‌ಗೆ ಇಮೇಲ್ ಬರೆದು, ಲಿಖಿತ ಒಪ್ಪಿಗೆ ಕೇಳಿ. ಕೊಟ್ಟರೆ ಊರಿನವರಿಗೆ ಬಳಸುವ ಅನುಮತಿ ಮಾತ್ರ ಮಾರಿ, ಕೃತಿಸ್ವಾಮ್ಯ ನಿಮ್ಮಲ್ಲೇ ಇರಲಿ.