ಅರಾನ್‌ಹುವೆಸ್‌ಗೆ ಹೋದರೆ ಬೆಳಗ್ಗೆ ತೋಟ, ಮಧ್ಯಾಹ್ನ ಅರಮನೆ

ಪ್ರಶ್ನೆ: ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಬರುವ ಜುಲೈಯಲ್ಲಿ ನಾನು, ಯಜಮಾನರು ಹೋಗುವ ಯೋಚನೆ ಇದೆ. ರಾಜರ ಬೇಸಿಗೆಯ ಊರು ಅರಾನ್‌ಹುವೆಸ್ ಹತ್ತಿರವೇ ಇದೆ, ಒಂದು ದಿನ ಹೋಗಿ ಬರೋಣ ಅನ್ನುತ್ತಾಳೆ. ಯಜಮಾನರಿಗೆ ಗಂಟು ನೋವು, ಜಾಸ್ತಿ ನಡೆಯಲಾಗದು. ಅರಮನೆ ನೋಡುವುದೋ, ತೋಟವೋ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಖಂಡಿತ ಹೋಗಿ ಅಕ್ಕಾ. ಟಿಕೆಟ್ ಇನ್ನೂ ಮಾಡಿಸಿಲ್ಲವಾದರೆ ಮೇ ತಿಂಗಳಲ್ಲೇ ಹೊರಡಿ. ಸ್ಪೇನಿನ ರಾಜರು ಅಲ್ಲಿಗೆ ಬರುತ್ತಿದ್ದದ್ದು ವಸಂತದಲ್ಲಿ. ಬಿಸಿಲು ಏರಿತೆಂದರೆ ಬೆಟ್ಟದ ಬುಡದ ಲಾ ಗ್ರಾಂಹಾ ಅರಮನೆಗೆ ಹೊರಟುಬಿಡುತ್ತಿದ್ದರು. ಜುಲೈಯಲ್ಲಿ 35 ಡಿಗ್ರಿ ದಾಟುವುದು ಮಾಮೂಲು. ನಮ್ಮ ಕಾಸರಗೋಡಿನ ಬೆವರಿನ ಸೆಕೆ ಅಲ್ಲ, ಸುಡುವ ಒಣ ಬಿಸಿಲು.

ಜುಲೈಯೇ ಆಗಬೇಕಾದರೆ ಬೆಳಗ್ಗೆ ತೋಟ, ಮಧ್ಯಾಹ್ನ ಅರಮನೆ. ಅಟೋಚಾ ಸ್ಟೇಷನ್‌ನಿಂದ ಸಿ-3 ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಸೋಮವಾರ ಬೇಡ, ಅರಮನೆಗೆ ರಜೆ.

ರಾಜಕುಮಾರನ ತೋಟ ಅಂತ ಒಂದಿದೆ, ಸುಮಾರು 150 ಹೆಕ್ಟೇರು. ಯಜಮಾನರನ್ನು ಅಲ್ಲಿ ನಡೆಸಬೇಡಿ. ಅರಮನೆಗೆ ತಾಗಿಕೊಂಡೇ ಇರುವ ದ್ವೀಪದ ತೋಟ ಸಾಕು. ಒಂದು ಕಡೆ ತಾಹೋ ನದಿ, ಇನ್ನೊಂದು ಕಡೆ ಕಾಲುವೆ, ನಡುವೆ ದೊಡ್ಡ ದೊಡ್ಡ ಮರಗಳ ನೆರಳು. ಹರ್ಕ್ಯುಲಿಸ್, ಅಪೊಲೊ, ನೆಪ್ಚೂನ್ ಎಲ್ಲರಿಗೂ ಅಲ್ಲಿ ಕಾರಂಜಿ ಇದೆ. ನನಗೆ ಇಷ್ಟವಾದದ್ದು ಬೇರೆ. ಹುಡುಗನೊಬ್ಬ ಕಾಲ ಮೇಲೆ ಕಾಲು ಹಾಕಿ ಕೂತು, ತಲೆ ತಗ್ಗಿಸಿ, ಅಂಗಾಲಿನ ಮುಳ್ಳು ಕೀಳುತ್ತಿದ್ದಾನೆ. ಸುತ್ತ ನಾಲ್ಕು ಕಂಬಗಳ ಮೇಲೆ ಹೆಣ್ಣುಮುಖದ ಹಕ್ಕಿಗಳು. ಅವನೆದುರು ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ.

ಅರಮನೆಯ ಮಗ್ಗುಲಲ್ಲೇ ನದಿಗೆ ಕಟ್ಟ ಇದೆ, ನೀರು ಧುಮುಕುವುದು ಕೇಳಿಸುತ್ತದೆ. ತೋಡಿಗೆ ಕಟ್ಟ ಹಾಕಿ ಅಡಿಕೆ ಉಳಿಸಿಕೊಳ್ಳುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸುತ್ತಲೂ ಒಣ ಬಯಲು. ನದಿ ನೀರನ್ನು ಕಾಲುವೆಗೆ ತಿರುಗಿಸಿದ್ದರಿಂದಲೇ ಅಲ್ಲಿ ತೋಟ, ತರಕಾರಿ ಗದ್ದೆ, ಸಾಲುಮರ. ರಾಜ ಎರಡನೇ ಫಿಲಿಪ್ 16ನೇ ಶತಮಾನದಲ್ಲಿ ಇದಕ್ಕೆಲ್ಲ ತುಂಬ ಮುತುವರ್ಜಿ ವಹಿಸಿದ್ದ. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಅರಮನೆಯೊಂದೇ ಅಲ್ಲ, ನದಿ, ಕಾಲುವೆ, ತೋಟ, ಊರು ಎಲ್ಲ ಒಟ್ಟಾಗಿ. ಹಾಗಾಗಿ ಎರಡರಲ್ಲಿ ಒಂದೇ ಅಂತಾದರೆ ನಾನು ತೋಟವನ್ನೇ ಹೇಳುತ್ತೇನೆ.

ಅರಮನೆಯೊಳಗೆ ಪಿಂಗಾಣಿ ಕೋಣೆ ಮಾತ್ರ ತಪ್ಪಿಸಬೇಡಿ. 18ನೇ ಶತಮಾನದಲ್ಲಿ ಮೂರನೇ ಕಾರ್ಲೋಸ್ ಮಾಡಿಸಿದ್ದು. ಗೋಡೆಯಿಂದ ಮಾಡಿನವರೆಗೂ ಪಿಂಗಾಣಿ. ಚೀನೀ ಉಡುಪಿನ ಜನ, ಮಂಗ, ಹಕ್ಕಿ, ಹಣ್ಣು ಎಲ್ಲ ಉಬ್ಬಿ ಹೊರಗೆ ಬಂದಿವೆ. ಉಳಿದ ಕೋಣೆಗಳನ್ನು ಬೇಗ ದಾಟಿದರೂ ನಷ್ಟವಿಲ್ಲ.

ಆ ಊರಿನ ಸ್ಟ್ರಾಬೆರಿ ಹೆಸರುವಾಸಿ. 1851ರಲ್ಲಿ ಶುರುವಾದ ಮ್ಯಾಡ್ರಿಡ್–ಅರಾನ್‌ಹುವೆಸ್ ರೈಲಿನ ನೆನಪಿಗೆ ಹಳೇ ಬೋಗಿಗಳ ‘ಸ್ಟ್ರಾಬೆರಿ ರೈಲು’ ಓಡಿಸುತ್ತಾರೆ, ಒಳಗೆ ಹಣ್ಣನ್ನೂ ಹಂಚುತ್ತಾರೆ. ಅದು ಓಡುವುದು ವಸಂತದಲ್ಲಿ, ಮತ್ತೆ ಮಳೆಗಾಲ ಕಳೆದ ನಮ್ಮ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಮೇಯಲ್ಲಿ ಹೋಗುವುದಾದರೆ ಮಗಳಿಗೆ ಹೇಳಿ ಮೊದಲೇ ಸೀಟು ಮಾಡಿಸಿ.