ಇಷ್ಟು ಬೇಗ ಹೊಂದಿಕೊಳ್ಳಬೇಡಿ

ಪತ್ರ: ಮ್ಯೂನಿಕ್‌ನಲ್ಲಿ ಒಂದು ವರ್ಷ ಕೆಲಸ ಮಾಡಿ ದಾವಣಗೆರೆಗೆ ಮರಳಿ ಮೂರು ತಿಂಗಳಾಯಿತು. ಮನೆಯಿಂದ ಹೊರಗೆ ಕಾಲಿಟ್ಟರೆ ಸಿಟ್ಟು ಬರುತ್ತದೆ. ರಸ್ತೆ ದಾಟಲು ಭಯ. ಬಸ್ ಎಷ್ಟು ಹೊತ್ತಿಗೆ ಎಂದರೆ ‘ಬಂದಾಗ ಬರುತ್ತದೆ’ ಎಂಬ ಉತ್ತರ. ಬಾಯಿ ಬಿಟ್ಟರೆ ಅಮ್ಮ, ಅಣ್ಣ ಇಬ್ಬರೂ ‘ಶುರುವಾಯಿತು ಜರ್ಮನಿ ಪುರಾಣ’ ಎನ್ನುತ್ತಾರೆ. ಒಂದೇ ವರ್ಷಕ್ಕೆ ಇಷ್ಟು ಕೆಟ್ಟುಹೋದೆನೇ? ಮತ್ತೆ ಹೊಂದಿಕೊಳ್ಳುವುದು ಹೇಗೆ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಸೋದರಿ, ನೀವು ಕೆಟ್ಟಿಲ್ಲ. ನಿಮ್ಮ ಕಣ್ಣು ಚುರುಕಾಗಿದೆ, ಅಷ್ಟೆ. ಹೊಂದಿಕೊಳ್ಳುವ ದಾರಿ ಕೇಳಿದ್ದೀರಿ, ನಾನು ಹೇಳಿಕೊಡುವುದಿಲ್ಲ.

ನಿಮ್ಮ ಮನೆಯವರ ಕಡೆಗೂ ನ್ಯಾಯವಿದೆ. ವರ್ಷವಿಡೀ ದಾರಿ ಕಾದ ತಾಯಿಗೆ ಮಗಳು ಊಟದ ನಡುವೆ ಮ್ಯೂನಿಕ್ಕಿನ ಟ್ರಾಮಿನ ಮಾತೆತ್ತಿದರೆ ನೋವಾಗುವುದು ಸಹಜ. ಅಲ್ಲಿಯೂ ಎಲ್ಲವೂ ನೆಟ್ಟಗಿಲ್ಲ ಎಂದು ಅಣ್ಣ ವಾದಿಸಿದರೆ ಅದೂ ನಿಜ. 2024ರಲ್ಲಿ ಜರ್ಮನಿಯ ದೂರಪ್ರಯಾಣದ ರೈಲುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತಡವಾಗಿ ಓಡಿದವು. ಆದರೆ ಆ ತಡವನ್ನು ಜರ್ಮನ್ನರು ‘ಬಂದಾಗ ಬರುತ್ತದೆ’ ಎಂದು ಬಿಟ್ಟರೇ? ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ, ಹೋಟೆಲಿನ ಮೇಜಿನಲ್ಲಿ ಅದೇ ಮಾತು, ಅದೇ ಸಿಟ್ಟು. ದೂರು ಹೇಳುವವರನ್ನು ದೇಶದ್ವೇಷಿ ಎಂದು ನೋಡದ ಆ ಅಭ್ಯಾಸವೇ ನೀವು ಅಲ್ಲಿಂದ ತಂದ ಅತ್ಯುತ್ತಮ ಸಾಮಾನು.

ನಿಮ್ಮ ತಳಮಳ ಹೊಸದೇನಲ್ಲ. ಅಮೆರಿಕದಲ್ಲಿ ಇದ್ದು ಬಂದ ನಾರ್ವೆಯ ವಿದ್ವಾಂಸರನ್ನು ಮಾತನಾಡಿಸಿದ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ, ಪರದೇಶಕ್ಕೆ ಹೋದವರ ಉತ್ಸಾಹ ಮೊದಲು ಕುಸಿದು ಆಮೇಲೆ ಏರುತ್ತದೆ ಎಂದು 1955ರಲ್ಲಿ ಬರೆದರು. 1963ರಲ್ಲಿ ಗಲಹಾರ್ನ್ ದಂಪತಿ ಅದಕ್ಕೆ ಇನ್ನೊಂದು ಸುತ್ತು ಸೇರಿಸಿದರು: ಮನೆಗೆ ಮರಳಿದ ಮೇಲೂ ಅದೇ ಕುಸಿತ, ಅದೇ ಏರಿಕೆ. ನನ್ನ ತಕರಾರು ಇರುವುದು ಆ ಕೊನೆಯ ಏರಿಕೆಯ ಬಗ್ಗೆ. ಅದನ್ನು ಎಲ್ಲರೂ ಚೇತರಿಕೆ ಎಂದು ಎಣಿಸುತ್ತಾರೆ. ನಮ್ಮ ಊರುಗಳಲ್ಲಿ ಬಹಳ ಸಲ ಅದು ಸೋಲು.

ನನಗೆ ಪರಿಚಯದವರೊಬ್ಬರು ಮಸ್ಕತ್‌ನಲ್ಲಿ ದುಡಿದು ಕುಂದಾಪುರದ ಕಡೆಗೆ ಮರಳಿದರು. ಮೊದಮೊದಲು ಬ್ಯಾಂಕಿನ ಕೌಂಟರಿನ ಮುಂದೆ ಎದುರಿನವರಿಗೂ ತಮಗೂ ನಡುವೆ ಒಂದು ಮಾರು ಜಾಗ ಬಿಟ್ಟು ನಿಲ್ಲುತ್ತಿದ್ದರು. ಆ ಜಾಗಕ್ಕೆ ಪಾಸ್‌ಬುಕ್ ಹಿಡಿದ ಕೈಗಳು ಎರಡೂ ಕಡೆಯಿಂದ ನುಗ್ಗುತ್ತಿದ್ದವು. ‘ಸರದಿ ಇದೆಯಲ್ಲ’ ಎಂದರೆ ‘ಇವರೊಬ್ಬರು ಗಲ್ಫಿನವರು’ ಎಂಬ ನಗು. ಮುಂದಿನ ಮಳೆಗಾಲದ ಹೊತ್ತಿಗೆ ಅವರೂ ಭುಜದಿಂದ ದಾರಿ ಮಾಡಿಕೊಂಡು ಕೌಂಟರಿಗೆ ಕೈ ಚಾಚುತ್ತಿದ್ದರು. ‘ಅಂತೂ ಸರಿಹೋದರು’ ಎಂದು ಊರು ಸಂತೋಷಪಟ್ಟಿತು. ನನಗೆ ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಗಾಂಧೀಜಿಯವರನ್ನು ನೋಡಿ. 1915ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬದುಕು ಮುಗಿಸಿ ಮುಂಬೈಗೆ ಬಂದಿಳಿದಾಗ, ಒಂದು ವರ್ಷ ಸುಮ್ಮನೆ ದೇಶ ಸುತ್ತಿ ನೋಡಿ ಎಂದು ಗೋಖಲೆಯವರು ಹೇಳಿದ್ದರು. ಅವರು ಮಾತಿಗೆ ತಪ್ಪದೆ ಮೂರನೇ ದರ್ಜೆಯಲ್ಲಿ ಸುತ್ತಿದರು. ಹೊಂದಿಕೊಂಡರೇ? 1916ರ ಫೆಬ್ರವರಿಯಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ಮಹಾರಾಜರೂ ಆನಿ ಬೆಸೆಂಟ್ ಅವರೂ ಕುಳಿತ ಸಭೆಯಲ್ಲಿ, ವಿಶ್ವನಾಥನ ಗುಡಿಯ ಓಣಿಗಳ ಹೊಲಸಿನ ಬಗ್ಗೆ ಮಾತನಾಡಿದರು. ಮುಂಬೈಯಲ್ಲಿ ಮಹಡಿಯ ಮೇಲಿನಿಂದ ಉಗುಳು ಎಲ್ಲಿ ತಲೆಗೆ ಬೀಳುತ್ತದೋ ಎಂದು ಹೆದರುತ್ತ ನಡೆಯಬೇಕಾದ ಸ್ಥಿತಿಯನ್ನೂ ಹೇಳಿದರು. ಅವರಿಗೆ ದೇಶದ ಮೇಲೆ ಪ್ರೀತಿ ಇರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ನಮ್ಮ ವಿಶ್ವೇಶ್ವರಯ್ಯನವರೂ ಅಷ್ಟೆ. 1898ರಲ್ಲಿ ಜಪಾನ್ ನೋಡಿ ಬಂದವರು ಆಮೇಲೆಯೂ ಅಲ್ಲಿನ ಶಾಲೆ, ಕೈಗಾರಿಕೆಗಳ ಉದಾಹರಣೆ ಕೊಡುವುದನ್ನು ಬಿಡಲಿಲ್ಲ.

ನಿಮ್ಮನ್ನೂ ಸ್ವಲ್ಪ ಗದರಬೇಕು. ನಿಮ್ಮ ದೂರುಗಳೆಲ್ಲ ಅಡುಗೆಮನೆಯಲ್ಲೇ ಮುಗಿಯುತ್ತಿವೆ. ಅಮ್ಮ ರಸ್ತೆ ಅಗೆದಿಲ್ಲ, ಬಸ್ಸಿನ ವೇಳಾಪಟ್ಟಿ ಹರಿದು ಹಾಕಿಲ್ಲ. ಅವರ ಮುಂದೆ ಹೇಳುವುದನ್ನು ಪಾಲಿಕೆಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿ ಕೊಡುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಚೇರಿಯಿರುವ ಬೀದಿಯಲ್ಲಿ ಆ ಹಕ್ಕಿನ ಮೇಲೆ ಮೊದಲಿಗೆ ಒಂದು ಟ್ರಾನ್ಸ್‌ಫಾರ್ಮರ್ ನಿಂತಿದೆ, ಅದರಾಚೆ ಪಂಕ್ಚರ್ ಅಂಗಡಿಯ ಟೈರುಗಳು, ಅದರಾಚೆ ಎದ್ದು ನಿಂತ ಚಪ್ಪಡಿ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಟ್ರಾನ್ಸ್‌ಫಾರ್ಮರ್ ಬಳಿ ರಸ್ತೆಗಿಳಿದವರು ಬೀದಿ ಮುಗಿಯುವವರೆಗೆ ಮತ್ತೆ ಮೇಲೆ ಹತ್ತುವುದೇ ಇಲ್ಲ. ಅಲ್ಲೇ ಬೆಳೆದ ನಮ್ಮ ಹುಡುಗರಿಗೆ ಇದು ಕಾಣುವುದಿಲ್ಲ. ನಿಮಗೆ ಕಾಣುತ್ತದೆ, ಅದೂ ಇನ್ನು ಕೆಲವೇ ತಿಂಗಳು.

ಪತ್ರಿಕೆಗಳ ಪಾಪವೂ ಇದರಲ್ಲಿದೆ. ಕನ್ನಡದಲ್ಲಿ ಪ್ರವಾಸ ಕಥನಗಳಿಗೆ ಬರವಿಲ್ಲ. ಪ್ರತಿ ತಿಂಗಳೂ ನಮ್ಮ ಮೇಜಿಗೆ ವಿಮಾನದ ಕಿಟಕಿ, ಮೊದಲ ಹಿಮ, ಇಡ್ಲಿ ಸಿಗದ ಬೆಳಗು ಬಂದು ಬೀಳುತ್ತವೆ. ಬರಹ ವಿಮಾನ ನಿಲ್ದಾಣದಲ್ಲಿ ತಾಯ್ನೆಲಕ್ಕೆ ನಮಸ್ಕರಿಸಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಏನಾಯಿತು? ಸಾಮಾನು ಹೊತ್ತು ಹೊರಗೆ ಬಂದವರು ಊರಿನ ಬಸ್ ಹಿಡಿದದ್ದು ಹೇಗೆ, ಶೌಚಾಲಯ ಹುಡುಕಿದ್ದು ಎಲ್ಲಿ, ತಿಂಗಳ ಮೇಲೆ ಯಾರೊಂದಿಗೆ ಜಗಳವಾಡಿದರು? ಇದನ್ನು ಬರೆಯುವವರಿಲ್ಲ, ಬರೆದರೆ ಊರಿನವರು ಮುನಿಸಿಕೊಳ್ಳುತ್ತಾರೆಂಬ ಅಂಜಿಕೆ. ಹೊರಗಿರುವ ಕನ್ನಡಿಗರನ್ನು ಕರೆಸಿ ಶಾಲು ಹೊದಿಸುವ ನಾವು ಅವರಿಂದ ಹೊಗಳಿಕೆ ಕೇಳಿಸಿಕೊಳ್ಳಲು ಮಾತ್ರ ತಯಾರು. ಮರಳಿ ಬಂದು ನಮ್ಮ ನಡುವೆಯೇ ಬಾಳುವವರ ಮಾತಿಗೆ ಕಿವಿ ಕೊಡುವುದಿಲ್ಲ.

ಬಸ್ ನಿಲ್ದಾಣದಲ್ಲಿ ವಿಚಾರಣಾ ಕಿಟಕಿಯ ಸಿಬ್ಬಂದಿಯೊಂದಿಗೆ ನಡೆದ ಮಾತುಕತೆಯನ್ನು ನಿಮ್ಮ ಪತ್ರದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಇಡಿಯಾಗಿ, ಸಿಟ್ಟು ಇಳಿಯುವ ಮೊದಲೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿರಿಸಿದ್ದೇನೆ.